ರೇಸು, ಗೋಲ್ಕೊಂಡ ಮತ್ತು ನಮ್ಮ ಮಾವನ ಚಪ್ಪಾಳೆ

ಆಂಟಾಪ್ ಹಿಲ್‌ನ ನಮ್ಮ ಕಟ್ಟಡದಲ್ಲಿ ಹದಿನಾರು ದಾಟಿದ ಗಂಡುಮಕ್ಕಳಿರುವ ತಾಯಂದಿರಿಗೆಲ್ಲ ಒಂದೇ ಚಿಂತೆ. ಅದು ಪರೀಕ್ಷೆಯದ್ದಲ್ಲ, ಬೈಕಿನದ್ದು. ವಡಾಲದ ಆಚೆಗಿನ ಅಗಲ ರಸ್ತೆಗಳು ನಡುರಾತ್ರಿಯ ಮೇಲೆ ಖಾಲಿಯಾಗುತ್ತವೆ. ಆಗ ಶುರುವಾಗುವ ಸದ್ದು ನಮ್ಮ ನಾಲ್ಕನೆಯ ಮಹಡಿಗೂ ಕೇಳುತ್ತದೆ. ಪಣ ಕಟ್ಟಿ ಬೈಕ್ ಓಡಿಸುವವರು, ಅದನ್ನು ಮೊಬೈಲಿನಲ್ಲಿ ಹಿಡಿಯುವವರು, ಪೊಲೀಸರ ಜೀಪು ಬಂದರೆ ಗಲ್ಲಿಗೆ ನುಗ್ಗುವವರು. ಪಕ್ಕದ ಕಟ್ಟಡದ ಹುಡುಗನೊಬ್ಬ ಹಾಗೆ ಬಿದ್ದು ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದ. ನಮ್ಮ ಮಗ ಆಗ ಹನ್ನೊಂದನೆಯ ಇಯತ್ತೆ. ಓಡಿಸಲು ಅವನ ಬಳಿ ಬೈಕಿರಲಿಲ್ಲ. ಆದರೆ ನೋಡಲು ಹೋಗುವವರ ಗುಂಪಿನಲ್ಲಿ ಅವನಿದ್ದ.

ಬೇಡವೆಂದರೆ ಕೇಳುವ ವಯಸ್ಸಲ್ಲ. ನಮ್ಮವರು ಒಂದು ರಾತ್ರಿ ಊಟಕ್ಕೆ ಕೂತಾಗ, “ರೇಸ್ ನೋಡಬೇಕು ಅಂದ್ರೆ ನಿಜವಾದ ರೇಸ್ ನೋಡೋಣ, ಹೈದರಾಬಾದಿಗೆ ಹೋಗೋಣ” ಅಂದರು. ಮಗನ ಕೈಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು.

ಮುಂಬಯಿಯಲ್ಲಿ ರೇಸ್ ಎಂದರೆ ಮಹಾಲಕ್ಷ್ಮಿಯ ಕುದುರೆ ರೇಸು. ಮೋಟಾರು ರೇಸು ನೋಡಬೇಕಾದರೆ ಕೊಯಮತ್ತೂರಿಗೋ, ಚೆನ್ನೈ ಬಳಿಯ ಇರುಂಗಾಟ್ಟುಕೋಟೆಗೋ ಹೋಗಬೇಕು. ದಿಲ್ಲಿಯ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ವನ್ ನಡೆಯಿತು, ಮೂರನ್ನೂ ಸೆಬಾಸ್ಟಿಯನ್ ವೆಟಲ್ ಗೆದ್ದ, ಆಮೇಲೆ ನಿಂತೇಹೋಯಿತು. ಅಂಥದ್ದರಲ್ಲಿ 2023ರ ಫೆಬ್ರವರಿ 11ರ ಶನಿವಾರ ಭಾರತದ ಮೊದಲ ಫಾರ್ಮುಲಾ ಇ, ಅಂದರೆ ವಿದ್ಯುತ್ ಕಾರುಗಳ ರೇಸು, ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಎಂದು ನಿಗದಿಯಾಗಿತ್ತು. ಮುಂಬಯಿಯ ಹುಡುಗ ಜೆಹಾನ್ ದಾರೂವಾಲಾ ಮಹೀಂದ್ರ ತಂಡದ ಮೀಸಲು ಚಾಲಕ ಎಂಬುದು ನಮ್ಮ ಮಗನಿಗೆ ಇನ್ನೊಂದು ಆಕರ್ಷಣೆ.

ಹೊರಡುವವರ ಪಟ್ಟಿಯಲ್ಲಿ ಮಾವನವರು ಇರಲಿಲ್ಲ. ತಾವಾಗಿಯೇ ಸೇರಿಕೊಂಡರು. ಅವರಿಗಾಗ ಎಪ್ಪತ್ತೊಂಬತ್ತು. ಆಳಂದ ತಾಲೂಕಿನವರು, ಬೆಸ್ಟ್ ಬಸ್ಸಿನ ಚಾಲಕರಾಗಿ ಮೂವತ್ತಮೂರು ವರ್ಷ ಮುಂಬಯಿಯ ರಸ್ತೆ ಸವೆಸಿದವರು. ರೇಸಿಗೆ ಎಂದಾಗ, “ಕುದುರಿ ರೇಸೇನು? ಅದಕ್ಕ ಹೈದರಾಬಾದ್ ತನಕ ಯಾಕ?” ಎಂದು ಕೇಳಿದರು. ವಿಷಯ ತಿಳಿದ ಮೇಲೆ ಸುಮ್ಮನಾದರು. ಮರುದಿನ ನನ್ನನ್ನು ಕರೆದು, “ಯವ್ವಾ, ನಂದೂ ಒಂದು ತಿಕೀಟ್ ತೆಗಿಸು. ನಮ್ಮಪ್ಪ ಸಾಯೋತನ ಹೈದರಾಬಾದ್ ಸರ್ಕಾರ, ಹೈದರಾಬಾದ್ ಸರ್ಕಾರ ಅಂತಿದ್ದ. ಆ ಊರು ನಾ ಒಮ್ಮಿನೂ ನೋಡಿಲ್ಲ” ಅಂದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದಾಗ ಅವರಿಗೆ ನಾಲ್ಕು ವರ್ಷ. ರಜಾಕಾರರ ಭಯಕ್ಕೆ ತಾಯಿ ಸೊಂಟದ ಮೇಲೆ ಹೊತ್ತು ಸೊಲ್ಲಾಪುರದ ಕಡೆ ಓಡಿದ್ದು ಅವರಿಗೆ ನೆನಪಿಲ್ಲ. ಹೇಳಿ ಕೇಳಿ ನೆನಪಾಗಿದೆ.

ಗುರುವಾರ ರಾತ್ರಿ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿದೆವು. ನೋಡಹೊರಟ ಕೆರೆಯ ಹೆಸರೇ ರೈಲಿಗೆ! ಬೆಳಿಗ್ಗೆ ಕಲಬುರಗಿ ಬಂದಾಗ ಮಾವ ಪ್ಲಾಟ್‌ಫಾರ್ಮಿಗೆ ಇಳಿದೇ ಬಿಟ್ಟರು. ಚಹಾದವನ ಜೊತೆ ನಮ್ಮ ಕಡೆಯ ಕನ್ನಡದಲ್ಲಿ ಮಾತಾಡಿ, ಎರಡು ಕಪ್ ಹೆಚ್ಚಿಗೆ ಕೊಂಡು ಬಂದರು. ಮುಂದೆ ಶಹಾಬಾದ. ಮುಂಬಯಿಯ ಚಾಳುಗಳಲ್ಲಿ ನಾವು ತುಳಿದು ಬೆಳೆದ ಶಹಾಬಾದಿ ಫರಸಿ ಈ ಊರಿನದೇ ಎಂದು ಮಗನಿಗೆ ಆವತ್ತೇ ಗೊತ್ತಾದದ್ದು. ವಾಡಿ, ಚಿತ್ತಾಪುರ, ಸೇಡಂ ದಾಟಿದ ಮೇಲೆ ತಾಂಡೂರಿನಲ್ಲಿ ಫಲಕದ ಅಕ್ಷರ ತೆಲುಗಾಯಿತು. ಹೊರಗಿನ ಕರಿ ಮಣ್ಣು ಮಾತ್ರ ಬದಲಾಗಲಿಲ್ಲ.

ಶುಕ್ರವಾರ ಸಂಜೆ ಚಾರ್‌ಮಿನಾರ್. 1591ರ ಕಟ್ಟಡ. ನಾಲ್ಕು ರಸ್ತೆ ಕೂಡುವಲ್ಲಿ ನಿಂತ ಅದನ್ನು ನೋಡಿ ಮಾವ ಮೊದಲು ಹೇಳಿದ್ದು, “ಇಲ್ಲಿ ಬಸ್ಸು ಹೆಂಗ ತಿರಗಸ್ತಿದ್ರೋ!” ಲಾಡ್ ಬಜಾರಿನಲ್ಲಿ ನಾನು ಬಳೆ ಕೊಂಡೆ. ರಾತ್ರಿ ಕೆರೆಯ ಕಡೆ ಬಂದರೆ ಬೇಲಿ, ದೀಪ, ಕಾಂಕ್ರೀಟಿನ ತಡೆಗೋಡೆ. ದಿನವೂ ಬಸ್ಸು, ಆಟೋ ಓಡಾಡುವ ರಸ್ತೆಯೇ ರೇಸಿನ ಹಾದಿ. ನೀರಿನ ನಡುವೆ 18 ಮೀಟರ್ ಎತ್ತರದ ಏಕಶಿಲೆಯ ಬುದ್ಧ ನಿಂತಿದ್ದ. 1990ರಲ್ಲಿ ಸಾಗಿಸುವಾಗ ತೆಪ್ಪ ಮಗುಚಿ, ಕೆಲಸಗಾರರ ಜೀವ ಹೋಗಿ, ಮೂರ್ತಿ ಕೆರೆಯ ತಳ ಸೇರಿತ್ತು. ಮೇಲೆತ್ತಿ ನಿಲ್ಲಿಸಿದ್ದು 1992ರ ಡಿಸೆಂಬರಿನಲ್ಲಿ.

ಶನಿವಾರ ಮಧ್ಯಾಹ್ನ ಬಿಸಿಲಲ್ಲಿ ಕೂತೆವು. ಅಗ್ಗದ ಟಿಕೇಟಾದ್ದರಿಂದ ಹಾದಿಯ ಒಂದು ತುಂಡು ಮಾತ್ರ ಕಾಣುತ್ತಿತ್ತು. ಉಳಿದದ್ದು ದೊಡ್ಡ ಪರದೆಯ ಮೇಲೆ. ಒಂದು ಸುತ್ತಿಗೆ 2.8 ಕಿಲೋಮೀಟರಿಗಿಂತ ತುಸು ಹೆಚ್ಚು, ಹದಿನೆಂಟು ತಿರುವು. ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿದ್ದ ನನಗೆ ಕೇಳಿದ್ದು ಗುಡುಗಲ್ಲ. ನಮ್ಮ ಲೋಕಲ್ ರೈಲು ವೇಗ ಹಿಡಿಯುವಾಗ ಬರುವಂಥ ಕೀಚಲು ಗಾಳಿ. ಕಾರು ಕಂಡಿತು ಅನ್ನುವಷ್ಟರಲ್ಲಿ ಇರಲಿಲ್ಲ. ಮಗ ಎದ್ದು ನಿಂತವನು ಕೂರಲೇ ಇಲ್ಲ.

ಮಾವನಿಗೆ ವೇಗಕ್ಕಿಂತ ಬ್ರೇಕಿನ ಮೇಲೆ ಗಮನ. ಮಗ ಪರದೆ ತೋರಿಸುತ್ತ ವಿವರಿಸುತ್ತಿದ್ದ: ಈ ಕಾರಿನಲ್ಲಿ ವೇಗ ತಗ್ಗಿಸುವಾಗ ಮೋಟರು ಜನರೇಟರಿನ ಹಾಗೆ ತಿರುಗಿ ಬ್ಯಾಟರಿ ತುಂಬಿಸುತ್ತದೆ, ರೇಸಿನಲ್ಲಿ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಶೇ. 40ರಷ್ಟು ಹೀಗೆ ಬ್ರೇಕಿನಿಂದಲೇ ಬರಬಲ್ಲದು. ಪೂರ್ತಿ ರೇಸು ಒಂದೇ ಉಸಿರಿಗೆ ಜೋರಾಗಿ ಹೊಡೆದರೆ ಗುರಿ ಮುಟ್ಟುವ ಮೊದಲೇ ಬ್ಯಾಟರಿ ಖಾಲಿ.

“ಅಂದ್ರ, ತಡೆದಾಂವನೇ ಗಳಸ್ತಾನ?”

“ಹೌದು ಮುತ್ಯಾ.”

“ಇದು ಡ್ರೈವರ್ ಕೆಲಸ ನೋಡಪಾ!” ಎಂದು ಮಾವ ತೊಡೆ ತಟ್ಟಿದರು.

ಮೊದಲ ಸ್ಥಾನದಿಂದ ಹೊರಟಿದ್ದ ಜಾಗ್ವಾರ್‌ನ ಮಿಚ್ ಇವಾನ್ಸನಿಗೆ ಬಿಗಿ ತಿರುವಿನಲ್ಲಿ ಅವನದೇ ತಂಡದ ಸ್ಯಾಮ್ ಬರ್ಡ್ ಬಂದು ಗುದ್ದಿದ. ಇಬ್ಬರ ರೇಸೂ ಮುಗಿಯಿತು. ಸುತ್ತಲಿನವರು ಕೂಗಿದರು, ಮಾವ ಮಾತ್ರ ಪರದೆಯಲ್ಲಿ ಚಾಲಕರು ಕಾರಿನಿಂದ ಇಳಿದು ನಡೆಯುವುದು ಕಾಣುವವರೆಗೆ ಉಸಿರು ಬಿಗಿಹಿಡಿದಿದ್ದರು. ಆಮೇಲೆ ಮೊಮ್ಮಗನತ್ತ ತಿರುಗದೆಯೇ ಹೇಳಿದರು: “ಇವರಿಗೆ ಹೆಲ್ಮೆಟ್ ಅದ, ಗ್ವಾಡಿ ಅದ, ಡಾಕ್ಟರು ಕಾಯಕತ್ಯಾರ. ಎದುರಿಗಿ ಬರೋ ಗಾಡಿ ಇಲ್ಲ. ವಡಾಲದಾಗ ನಡುರಾತ್ರಿ ಹೊಡಿತಾರಲ್ಲ, ಅಲ್ಲಿ ನಮ್ಮಂಥಾಂವ ಒಬ್ಬ ಮೊದಲನೇ ಪಾಳಿಗಿ ಡಿಪೋಕ್ಕ ಹೊಂಟಿರ್ತಾನ. ಅಂವ ಯಾವ ರೇಸಿಗೂ ಹೆಸರು ಕೊಟ್ಟಿಲ್ಲ.”

ಮೂವತ್ತಮೂರು ವರ್ಷದಲ್ಲಿ ಅವರು ನಡುರಾತ್ರಿಯ ರಸ್ತೆಯ ಬಗ್ಗೆ ಮನೆಯಲ್ಲಿ ಮಾತಾಡಿದ್ದೇ ಕಡಿಮೆ. ಮಗ ಉತ್ತರ ಕೊಡಲಿಲ್ಲ. ನಾನೂ ಅದಕ್ಕೆ ಒಂದು ಮಾತು ಸೇರಿಸಲಿಲ್ಲ. ಕೊನೆಯ ಸುತ್ತುಗಳಲ್ಲಿ ಫ್ರಾನ್ಸಿನ ಜಾನ್-ಎರಿಕ್ ವೆರ್ನ್ ಮುಂದೆ, ನ್ಯೂಜಿಲೆಂಡಿನ ನಿಕ್ ಕ್ಯಾಸಿಡಿ ಬೆನ್ನಿಗೆ. ಬ್ಯಾಟರಿ ಕಡಿಮೆ ಉಳಿದಿದ್ದವನು ಮುಂದಿದ್ದ ವೆರ್ನ್. ಅದನ್ನು ಜಿಪುಣನ ಹಾಗೆ ಖರ್ಚು ಮಾಡುತ್ತ, ದಾರಿ ಬಿಡದೆ, ಗೆದ್ದ. ಮಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಭಾನುವಾರ ಬೆಳಿಗ್ಗೆ ಗೋಲ್ಕೊಂಡ. ಅದರ ಕಥೆಯಲ್ಲೂ ಕಲಬುರಗಿ ಇದೆ. 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಬಹಮನಿ ರಾಜ್ಯದ ಕೈಯಲ್ಲಿದ್ದ ಕೋಟೆ ಇದು. ಆ ರಾಜ್ಯ ಒಡೆದಾಗ ಅವರ ಸುಬೇದಾರನೇ ಸ್ವತಂತ್ರನಾಗಿ ಕುತುಬ್ ಶಾಹಿ ವಂಶ ಕಟ್ಟಿದ. “ಹಂಗಾದ್ರ ಇವರೇ ಒಂದು ಕಾಲಕ್ಕ ನಮ್ಮ ಸರ್ಕಾರದಾಗ ಇದ್ರು ಅನ್ನು!” ಎಂದು ಮಾವ ನಕ್ಕರು. ಅವರ ಅಪ್ಪನ ಲೆಕ್ಕ ಅಲ್ಲಿಗೆ ಚುಕ್ತಾ ಆದಂತಿತ್ತು.

ಮೆಟ್ಟಿಲು ಹತ್ತಲು ಅವರ ಮೊಣಕಾಲು ಒಪ್ಪಲಿಲ್ಲ. ಕೆಳಗಿನ ಬಾಗಿಲಿನ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರ್ ದೂರದ ತುದಿಯಲ್ಲಿ ಕೇಳುತ್ತದೆ. ಶತ್ರು ಬಂದರೆ ಎಚ್ಚರಿಸಲು ಮಾಡಿಕೊಂಡ ಉಪಾಯ. ಮಾವ ಕೆಳಗೆ ನಿಂತರು, ಮೊಮ್ಮಗ ಮೇಲೆ ಓಡಿದ. ಸ್ವಲ್ಪ ಹೊತ್ತಿಗೆ ಫೋನು ಬಂತು: “ಅಮ್ಮಾ, ಮುತ್ಯಾನ ಚಪ್ಪಾಳಿ ಕೇಳಿಸ್ತು!” ಅಲ್ಲಿ ತಟ್ಟುವವರು ಇನ್ನೂ ಹತ್ತು ಜನರಿದ್ದರು. ಅದು ಮುತ್ಯಾನದೇ ಎಂದು ಅವನಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಮಧ್ಯಾಹ್ನದ ಅದೇ ರೈಲು ಹಿಡಿದು ಸೋಮವಾರ ನಸುಕಿಗೆ ಮುಂಬಯಿ ಸೇರಿದೆವು.

ಮರುವರ್ಷವೂ ಹೋಗೋಣವೆಂದುಕೊಂಡಿದ್ದೆವು. 2024ರ ಫೆಬ್ರವರಿಗೆ ದಿನವೂ ಗೊತ್ತಾಗಿತ್ತು. ತೆಲಂಗಾಣದಲ್ಲಿ ಸರ್ಕಾರ ಬದಲಾದ ಮೇಲೆ ಜನವರಿಯಲ್ಲಿ ಅದು ರದ್ದಾಯಿತು. ಆ ದಂಡೆಯಲ್ಲಿ ಫಾರ್ಮುಲಾ ಇ ನಡೆದದ್ದು ಅದೊಂದೇ ಸಲ.

ನಮ್ಮ ಕಿಟಕಿಗೆ ನಡುರಾತ್ರಿಯ ಸದ್ದು ಈಗಲೂ ಕೇಳುತ್ತದೆ. ಮಗನಿಂದ ನಾವು ಆಣೆ ಮಾಡಿಸಿಕೊಂಡಿಲ್ಲ. ಆ ಹೊತ್ತಿಗೆ ಅವನು ಮನೆಯಲ್ಲಿರುತ್ತಾನೆ, ಅಷ್ಟು ಸಾಕು. ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದ ದಿನ ಸ್ಕೂಟರಿನ ಹಿಂದೆ ಮೊದಲು ಕೂತವರು ಮಾವ. ಬೆಸ್ಟ್ ಬಸ್ಸಿನ ಕಂಡಕ್ಟರನ ಲೆಕ್ಕದಲ್ಲೇ ಅವನ ಹೆಗಲು ತಟ್ಟುತ್ತಾರೆ: ಒಂದು ತಟ್ಟಿದರೆ ನಿಲ್ಲಿಸು, ಎರಡು ತಟ್ಟಿದರೆ ಹೊರಡು.