ಗೂಡಿನ ಜೊತೆ ಬರುತ್ತಿದ್ದ ಮಾತು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಮೊದಲು ಈಗಿನಂತಿರಲಿಲ್ಲ. ಕೆಂಚಾರ್ಲಹಳ್ಳಿ ಕಡೆಯಿಂದ ಗೂಡು ಹೊತ್ತು ಹೋದ ನಾವು ನಮ್ಮ ಗೂಡಿನ ರಾಶಿಯ, ಅಂದರೆ ಲಾಟಿನ, ಪಕ್ಕದಲ್ಲೇ ನಿಲ್ಲುತ್ತಿದ್ದೆವು. ಹರಾಜು ಕೂಗುವವರ ಹಿಂದೆ ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳ ಗುಂಪು. ಹಳೆಯ ರೀಲರ್ ಒಬ್ಬರು ನಾಲ್ಕು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಲ್ಲಿ ಅದುಮಿ, ‘ಇನ್ನೊಂದು ದಿನ ಬಿಟ್ಟು ಬಿಡಿಸಬೇಕಿತ್ತು ಗೌಡ್ರೇ, ಒಳಗೆ ಹುಳ ಇನ್ನೂ ಹಸಿ’ ಎನ್ನುತ್ತಿದ್ದರು. ಮತ್ತೊಮ್ಮೆ, ‘ಚಂದ್ರಿಕೆಗೆ ಗಾಳಿ ಸಾಲಲಿಲ್ಲ, ಎಳೆ ಕಡಿಯುತ್ತೆ’ ಎಂದಿದ್ದರು. ಮುಂದಿನ ಬೆಳೆಗೆ, ಹುಳ ಗೂಡು ಕಟ್ಟುವ ಚಂದ್ರಿಕೆ ಇಟ್ಟ ಮನೆಯ ಕಿಟಕಿ ತೆರೆದಿಟ್ಟೆವು. ಗೂಡು ಗಟ್ಟಿಯಾಯಿತು.

ಆ ಮಾತಿನ ಬೆಲೆ ದೊಡ್ಡದು. ಒಂದು ಕಿಲೋ ರೇಷ್ಮೆಗೆ ಮಿಶ್ರತಳಿ ಗೂಡು ಏಳೆಂಟು ಕಿಲೋ ಬೇಕು. ಎಳೆ ಕಡಿಯುವ ಗೂಡಾದರೆ ಇನ್ನೂ ಹೆಚ್ಚು. ಅಷ್ಟೂ ಗೂಡು ಬೇಯಿಸಲು ರೀಲರ್ ಸೌದೆ ಉರಿಸಬೇಕು. ಆ ಗೂಡಿನ ಹಿಂದಿನ ಹಿಪ್ಪುನೇರಳೆ ಸೊಪ್ಪಿಗೆ ನಾವು ಸಾವಿರ ಅಡಿ ದಾಟಿದ ಕೊಳವೆಬಾವಿಯಿಂದ ನೀರೆತ್ತಬೇಕು. ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ಸೀಮೆ ನಮ್ಮದು. ಇಲ್ಲಿ ಕೆಟ್ಟ ಗೂಡು ಎಂದರೆ ಪೋಲಾದ ನೀರು.

ನೀರು ಉಳಿಸುವುದನ್ನೂ ನಾವು ಕಲಿತದ್ದು ಒಬ್ಬರಿಂದೊಬ್ಬರು. ಮಾರುಕಟ್ಟೆಯ ಹೊರಗೆ ಟೀ ಕುಡಿಯುತ್ತಾ ಯಾರೋ ಹನಿ ನೀರಾವರಿಯ ಮಾತೆತ್ತುವರು, ಇನ್ನೊಬ್ಬರು ಅಗಲ ಸಾಲಿನಲ್ಲಿ ಮರದಂತೆ ಬೆಳೆಸಿದ ಹಿಪ್ಪುನೇರಳೆಯ ವಿಷಯ ಹೇಳುವರು. ಬಿಡುವಾದಾಗ ನಾವು ಅವರ ತೋಟಕ್ಕೇ ಹೋಗಿ ನೋಡಿ ಬರುತ್ತಿದ್ದೆವು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದು ಗೂಡಿನ ಬೆಲೆ ಕುಸಿದಾಗ ಎಷ್ಟೋ ಜನ ಹಿಪ್ಪುನೇರಳೆ ಕಿತ್ತರು. ಉಳಿದವರಿಗೆ ಆಸರೆಯಾಗಿದ್ದು ಇದೇ ಒಡನಾಟ.

ಈಗ ಇ-ಹರಾಜು. ರೀಲರ್ ಮೊಬೈಲಿನಲ್ಲಿ ದರ ಒತ್ತುತ್ತಾರೆ, ಹಣ ರೈತರ ಖಾತೆಗೆ ಬೀಳುತ್ತದೆ. ಕೂಗಾಟವಿಲ್ಲ, ದರದಲ್ಲಿ ಮುಚ್ಚುಮರೆಯಿಲ್ಲ. ಹಳೆಯ ಪದ್ಧತಿಗೆ ಮರಳಬೇಕೆಂದು ನಾನು ಖಂಡಿತ ಹೇಳಲಾರೆ, ದುಡ್ಡಿಗಾಗಿ ಅಲೆದವರಿಗೆ ಇದರ ಬೆಲೆ ಗೊತ್ತು. ಆದರೆ ದರ ಕಡಿಮೆ ಬಂದರೆ ಯಾಕೆ ಬಂತೆಂದು ಹೇಳುವವರು ಯಾರೂ ಇಲ್ಲ. ನಮ್ಮ ಗೂಡು ಯಾರ ಬಾಣಲೆಯಲ್ಲಿ ಬೆಂದಿತು, ಎಳೆ ಹೇಗೆ ಬಂತು ಎಂಬುದು ನಮಗೆ ತಿಳಿಯುವುದೇ ಇಲ್ಲ.

ರೇಷ್ಮೆಗೂಡಿನ ಮಾರಾಟ ನಿಯಂತ್ರಿಸುವ 1959ರ ಕಾಯ್ದೆಯ ಪ್ರಕಾರ ಗೂಡು ಸರ್ಕಾರಿ ಮಾರುಕಟ್ಟೆಗೇ ಬರಬೇಕು. ಬೆಳೆಗಾರರೂ ರೀಲರ್‌ಗಳೂ ಸೇರುವ ಜಾಗ ಅದೊಂದೇ. ರೇಷ್ಮೆ ಇಲಾಖೆ ತಿಂಗಳಿಗೊಂದು ದಿನ ಅಲ್ಲೇ ಇಬ್ಬರನ್ನೂ ಎದುರುಬದುರು ಕೂರಿಸಲಿ. ಲಾಟಿನ ಚೀಟಿಯ ಜೊತೆ ನೂಲು ಹೇಗೆ ಬಿಚ್ಚಿತೆಂಬ ಎರಡು ಸಾಲೂ ರೈತನಿಗೆ ತಲುಪಲಿ.