ಕೋಟೆಯ ಹೊಟ್ಟೆಯೊಳಗೆ

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಮಗ್ಗುಲಲ್ಲಿ ಬೆಳೆದವನು ನಾನು. ಅಪ್ಪ ಅಲ್ಲಿ ಫಿಟರ್. ನಮ್ಮನೆಯ ಗಡಿಯಾರ ಸದಾ ಐದು ನಿಮಿಷ ಹಿಂದೆ. ಅವ್ವನ ಲೆಕ್ಕವೆಲ್ಲ ವರ್ಕ್‌ಶಾಪಿನ ಭೋಂಗಾದ ಮೇಲೆ. ‘ಭೋಂಗಾ ಆತು, ಏಳೋ’ ಅಂದಳೆಂದರೆ ಬೆಳಗಾಯಿತು. ಇಂಥವನಿಗೆ ಇಂಗ್ಲೆಂಡಿನಲ್ಲಿರುವ ಮಗಳು, ‘ಅಪ್ಪಾ, ನಾಳೆ ಕೋಟೆ ನೋಡೂಣೋ, ಕಾರ್ಖಾನೆ ನೋಡೂಣೋ?’ ಎಂದು ಕೇಳಿದರೆ ಯೋಚಿಸುವುದೇನಿದೆ? ಸ್ವಿಂಡನ್ನಿಗೆ ಹೊರಟೆವು.

ಗ್ರೇಟ್ ವೆಸ್ಟರ್ನ್ ರೈಲ್ವೆ 1843ರಲ್ಲಿ ಅಲ್ಲಿ ಕಾರ್ಖಾನೆ ತೆರೆಯಿತು. ಅದರ ಹಳೆಯ ಕಟ್ಟಡವೊಂದು 2000ದಿಂದ ‘ಸ್ಟೀಮ್’ ಎಂಬ ಸಂಗ್ರಹಾಲಯ. ಅಕ್ಕಪಕ್ಕದ ಶೆಡ್ಡುಗಳಲ್ಲಿ ಈಗ ಬಟ್ಟೆ, ಬೂಟಿನ ಅಂಗಡಿಗಳು. ಎಂಜಿನ್ ಕಟ್ಟಿದ ಸೂರಿನಡಿ ಜನ ಕಾಲುಚೀಲ ಆರಿಸುತ್ತಿದ್ದರು.

ಆ ಊರಿಗೂ ಒಂದು ಭೋಂಗಾ ಇತ್ತು. ಅದರಿಂದ ತನ್ನ ನಿದ್ದೆ ಕೆಡುತ್ತದೆಂದು 1870ರ ದಶಕದಲ್ಲಿ ಬಾಲಿಂಗ್‌ಬ್ರೋಕ್ ಎಂಬ ಜಹಗೀರದಾರ ತಕರಾರು ತೆಗೆದಿದ್ದ. ಭೋಂಗಾ ಜಗ್ಗಲಿಲ್ಲ. ಅದರ ಬಾಯಿ ಕಟ್ಟಿದ್ದು 1986ರಲ್ಲಿ, ಕಾರ್ಖಾನೆಯೇ ಬಾಗಿಲು ಹಾಕಿಕೊಂಡಾಗ. ಅವ್ವನಾಗಿದ್ದರೆ ಆ ಜಹಗೀರದಾರನಿಗೂ ‘ಏಳೋ’ ಅನ್ನುತ್ತಿದ್ದಳು!

ಒಳಗೆ ಹಸಿರು ಬಣ್ಣ ಬಳಿದುಕೊಂಡು, ಮದುವೆ ಮನೆಯ ಬೀಗರಂತೆ ಗತ್ತಿನಲ್ಲಿ ನಿಂತಿತ್ತು ಒಂದು ಎಂಜಿನ್. 1923ರಲ್ಲಿ ಇಲ್ಲೇ ತಯಾರಾದದ್ದು. ಹೆಸರು ನೋಡಿ ಮಗಳು ನಕ್ಕಳು: ‘ಕೇರ್‌ಫಿಲಿ ಕ್ಯಾಸಲ್’. ಕೋಟೆ, ಕಾರ್ಖಾನೆ ಎರಡೂ ಒಂದೇ ಟಿಕೆಟ್ಟಿನಲ್ಲಿ!

ಆ ಎಂಜಿನ್ನಿನ ಕೆಳಗೆ ಹಳಿಗಳ ನಡುವೆ ಗುಂಡಿ. ಇಳಿದೆ. ಮೇಲೆ ಮಿರಿಮಿರಿ ಮಿಂಚುತ್ತಿದ್ದ ಬೀಗರ ಹೊಟ್ಟೆಯೆಲ್ಲ ಸರಳು, ಅಚ್ಚು, ಬೋಲ್ಟು, ಕತ್ತಲೆ. ತಲೆಯೆತ್ತಿ ನಿಂತು ನಿಂತು ಕತ್ತು ನೋಯತೊಡಗಿತು. ಆಗ ಒಂದು ಹಳೆಯ ಸಂಗತಿ ಅರ್ಥವಾಯಿತು. ಅಪ್ಪನ ಅಂಗಿಯ ಎಣ್ಣೆ ಕಲೆಗಳೆಲ್ಲ ಹೆಗಲ ಮೇಲೇ ಯಾಕಿರುತ್ತಿದ್ದವು, ಅವನು ಮನೆಗೆ ಬಂದೊಡನೆ ಕತ್ತು ಯಾಕೆ ತಿರುವಿಕೊಳ್ಳುತ್ತಿದ್ದ ಎಂದು ನಾನು ಕೇಳಿರಲೇ ಇಲ್ಲ. ಅವನ ಎಂಜಿನ್ನುಗಳಿಗೆ ಮೋರೆ ಇರಲಿಲ್ಲ, ಹೊಟ್ಟೆಯಷ್ಟೇ ಇತ್ತು.

‘ಅಪ್ಪಾ, ಸಾಕು, ಮ್ಯಾಲೆ ಬಾ, ಫೋಟೋ ತೆಗೀತೀನಿ’ ಎಂದಳು ಮಗಳು.

ನೀವೂ ಹೋದರೆ ಎಂಜಿನ್ನಿನ ಮುಂದೆ ಫೋಟೋ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ಒಮ್ಮೆ ಗುಂಡಿಗೆ ಇಳಿಯಿರಿ. ಕತ್ತು ನೋಯುವವರೆಗಾದರೂ ಅಲ್ಲಿ ನಿಲ್ಲಿ.