ಹೂತುಹೋದ ಜೀಪು

ಪುಣೆಯಲ್ಲಿ ಮಳೆ ಬಂದರೆ ನಾವು ಕೊಡೆ ಹುಡುಕುತ್ತೇವೆ. ತೀರ್ಥಹಳ್ಳಿಯ ಕಡೆ ಮಳೆ ಬಂದರೆ ದಾರಿಯನ್ನೇ ಹುಡುಕಬೇಕಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆಗುಂಬೆಯ ಮಗ್ಗುಲಿನ ಹಳ್ಳಿ ನಮ್ಮದು. ಆದರೂ ಹನ್ನೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡಿ, ಡಾಂಬರು ರಸ್ತೆಯ ಮೇಲೆಯೇ ಓಡಾಡಿಕೊಂಡಿದ್ದ ನಮಗೆ ಆ ಮಾತು ಮರೆತೇ ಹೋಗಿತ್ತು. 2023ರ ಆಷಾಢದಲ್ಲಿ ಅದು ಚೆನ್ನಾಗಿ ನೆನಪಾಯಿತು.

ಹೊರಟದ್ದು ತಂದೆಯವರ ಮೊದಲನೆಯ ವರ್ಷಾಬ್ದಿಕಕ್ಕೆ. ನಾವು ಎಂದರೆ ದಂಪತಿಗಳಿಬ್ಬರು, ಶಾಲೆಗೆ ಹೋಗುವ ಮಕ್ಕಳಿಬ್ಬರು. ಊರಿನಲ್ಲಿ ಅಣ್ಣ ಅತ್ತಿಗೆಯರು ತೋಟ ನೋಡಿಕೊಂಡಿದ್ದಾರೆ. ಅದೇ ಬೇಸಗೆಯಲ್ಲಿ ಅಣ್ಣ ಫೋನು ಮಾಡಿದ್ದ. ಊರವರೆಲ್ಲ ಕೂಡಿ ಹಳ್ಳದ ಇಳಿಜಾರಿಗೆ ಕಲ್ಲು ಹಾಕಿಸುತ್ತಿದ್ದಾರೆ. ಮನೆಯ ಪಾಲಿನಲ್ಲಿ ಅರ್ಧ, ಐದು ಸಾವಿರ ರೂಪಾಯಿ, ನಮ್ಮಿಂದ ಆದೀತೇ ಎಂದು ಕೇಳಿದ. ವರ್ಷಕ್ಕೊಮ್ಮೆ ಹೋಗುವವರಿಗೆ ಆ ದಾರಿಯ ಖರ್ಚೇಕೆ ಎಂಬುದು ನಮ್ಮ ಲೆಕ್ಕ. “ವಿಚಾರ ಮಾಡಿ ತಿಳಿಸುತ್ತೇವೆ” ಎಂದೆವು. ಕಡತದ ಮೇಲೆ ಹೀಗೆ ಬರೆದರೆ ಅದರ ಅರ್ಥವೇನೆಂದು ನಮಗೆ ಗೊತ್ತು. ಅಣ್ಣನಿಗೂ ತಿಳಿಯಿತೆಂದು ಕಾಣುತ್ತದೆ. ಆಮೇಲೆ ಅವನೂ ಕೇಳಲಿಲ್ಲ, ನಾವೂ ತಿಳಿಸಲಿಲ್ಲ.

ತೀರ್ಥಹಳ್ಳಿಯಲ್ಲಿ ಬಸ್ಸಿಳಿದು ಬಾಡಿಗೆ ಜೀಪು ಹತ್ತಿದೆವು. ಹನ್ನೆರಡು ಗಂಟೆಯೊಳಗೆ ಮನೆ ಸೇರಬೇಕು. 1941ರಲ್ಲಿ ಯುದ್ಧಕ್ಕೆಂದು ತಯಾರಾದ ವಿಲ್ಲೀಸ್ ಜೀಪಿನ ವಂಶದ್ದು ಈ ಗಾಡಿ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲವುಂಟು ಎಂದು ಮಕ್ಕಳಿಗೆ ಹೇಳುತ್ತ ಬಂದೆವು. ನಮ್ಮ ವಿದ್ಯೆ ಹಳ್ಳದ ಇಳಿಜಾರಿನವರೆಗೆ ನಡೆಯಿತು. ಅಲ್ಲಿ ಒಂದು ಬದಿಯ ಚಕ್ರಗಳೆರಡೂ ಕೆಸರಿನಲ್ಲಿ ಕೂತವು.

“ಜೋರಾಗಿ ಬಿಡಿ!” ಎಂದೆವು. ಡ್ರೈವರು ಬಿಟ್ಟ. ಚಕ್ರ ಗಿರ್ರನೆ ಸುತ್ತಿ, ಕೆಸರೆಲ್ಲ ನಮ್ಮ ಮುಖಕ್ಕೆ ಬಂದು, ಜೀಪು ಇನ್ನೂ ಒಂದು ಗೇಣು ಕೆಳಗಿಳಿಯಿತು. ಹೊಟ್ಟೆಯೇ ನೆಲಕ್ಕೆ ತಾಗಿತು. ಅಷ್ಟರಲ್ಲಿ ಕಂಬಳಿಕೊಪ್ಪೆ ಹೊದ್ದ ಮುದುಕನೊಬ್ಬ ಗದ್ದೆಯಿಂದ ಬಂದ.

“ಸುತ್ತಿಸ್ಬೇಡಿ ಭಟ್ರೆ. ಸುತ್ತಿದಷ್ಟೂ ಹೂತ್ಕಳ್ತದೆ.”

ಡ್ರೈವರು ಕಾರಣ ಬಿಡಿಸಿ ಹೇಳಿದ. ಅಚ್ಚಿನ ಎರಡು ಚಕ್ರಗಳಲ್ಲಿ ಹಿಡಿತ ತಪ್ಪಿದ ಚಕ್ರವೇ ಸುತ್ತುತ್ತದೆ. ಗಟ್ಟಿ ನೆಲದ ಮೇಲಿರುವುದು ಸುಮ್ಮನೆ ಕೂತಿರುತ್ತದೆ. ಕಚೇರಿಯಲ್ಲಿ ಹನ್ನೆರಡು ವರ್ಷ ಕಳೆದ ನಮಗೆ ಈ ತತ್ತ್ವ ಹೊಸದೇನಲ್ಲ.

ಮುದುಕನ ಕೂಗಿಗೆ ನಾಲ್ಕು ಜನ ಸೇರಿದರು. ಮೊದಲು ನಮ್ಮನ್ನೂ ಸಾಮಾನನ್ನೂ ಇಳಿಸಿದರು. ಗುದ್ದಲಿಯಿಂದ ಚಕ್ರಗಳ ಮುಂದಿನ ಕೆಸರನ್ನೂ ಹೊಟ್ಟೆಯಡಿಯ ಮಣ್ಣನ್ನೂ ತೆಗೆದು, ತಗ್ಗಿನ ಕಡೆಗೆ ಕಾಲುವೆ ತೋಡಿ ನೀರು ಬಸಿದರು. ಡ್ರೈವರು ಟೈರಿನ ಗಾಳಿಯನ್ನು ಅರ್ಧದಷ್ಟು ಬಿಟ್ಟ. ಮೆತ್ತಗಾದ ಟೈರು ಅಗಲವಾಗಿ ಊರಿ ನೆಲವನ್ನು ಹಿಡಿಯುತ್ತದಂತೆ. ಮುದುಕ ಅಡಿಕೆ ದಬ್ಬೆಗಳನ್ನು ತಂದು, ಒರಟು ಮಗ್ಗುಲು ಮೇಲಾಗುವಂತೆ ಚಕ್ರದ ಮುಂದೆ ಅಡ್ಡಡ್ಡ ಹಾಸಿ, ನಡುವೆ ಸೊಪ್ಪು ತುಂಬಿದ.

“ಈ ಬ್ಯಾಸಿಗೇಲಿ ಕಲ್ಲು ಹಾಕಿದ್ರಲ್ಲ?” ಎಂದು ಡ್ರೈವರು ಕೇಳಿದ.

“ಅಲ್ಲೀವರೆಗೆ ಹಾಕಿದ್ರು. ಇಲ್ಲಿಗೆ ಬರೋ ಹೊತ್ತಿಗೆ ದುಡ್ಡು ಮುಗೀತಂತೆ.”

ಹಿಂದಕ್ಕೆ ತಿರುಗಿ ನೋಡಿದೆವು. ಹತ್ತು ಮಾರು ದೂರದಲ್ಲಿ ಕಲ್ಲು ಮುಗಿದಿತ್ತು. ನಮ್ಮ ಜೀಪು ನಮ್ಮ ಐದು ಸಾವಿರದೊಳಗೇ ಹೂತಿತ್ತು. ಮನೆಯಾಕೆ ನಮ್ಮ ಮುಖ ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೆ ಹಗುರವಾಗುತ್ತಿತ್ತು.

ಹನ್ನೊಂದೂವರೆಯಾಯಿತು. ಆಗ ಆಚೆಯ ದಿಬ್ಬದಿಂದ ಅಣ್ಣ ಇಳಿದು ಬಂದ. ಸ್ನಾನ ಮಾಡಿ ಮಡಿಪಂಚೆ ಉಟ್ಟಿದ್ದ. “ಮಡಿಯಲ್ಲಿದ್ದೀಯ, ದೂರ ನಿಲ್ಲು” ಎಂದೆವು. ಅವನು ಪಂಚೆ ಮೇಲಕ್ಕೆ ಕಟ್ಟಿ ಮೊಣಕಾಲುದ್ದ ಕೆಸರಿಗಿಳಿದ. “ಇನ್ನೊಂದು ಸಲ ಸ್ನಾನ ಮಾಡಿದರಾಯ್ತು. ಅಪ್ಪ ಕಾಯ್ತಾರೆ” ಎಂದು ಜೀಪಿಗೆ ಹೆಗಲು ಕೊಟ್ಟ. ಅವನ ಪಕ್ಕದಲ್ಲಿ ನಾವೂ ಹೆಗಲು ಕೊಟ್ಟೆವು.

ಡ್ರೈವರು ಸಣ್ಣ ಗೇರಿನಲ್ಲಿ, ಆತುರವಿಲ್ಲದೆ, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ತೂಗಾಡಿಸಿದ. ಮೂರನೆಯ ಸಲಕ್ಕೆ ಚಕ್ರ ದಬ್ಬೆಯನ್ನು ಹಿಡಿಯಿತು. ಜೀಪು ನಿಲ್ಲದೆ ದಿಬ್ಬ ಹತ್ತಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಎರಡನೆಯ ಸ್ನಾನವಾಗಿ, ಸ್ವಲ್ಪ ತಡವಾದರೂ ಹೊತ್ತು ಮೀರದೆ ಶ್ರಾದ್ಧ ನಡೆಯಿತು. ಸಂಜೆ ಜಗುಲಿಯಲ್ಲಿ ಕೂತಾಗ ಐದು ಸಾವಿರವನ್ನು ಅಣ್ಣನ ಮುಂದೆ ಇಟ್ಟೆವು. ಅವನು ಎಣಿಸಲಿಲ್ಲ, ಹಳೆಯ ಮಾತು ತೆಗೆಯಲೂ ಇಲ್ಲ. “ಮಳೆ ನಿಂತ ಮೇಲೆ ಹಾಕಿಸೋಣ” ಎಂದಷ್ಟೇ ಅಂದು ಎಲೆಯಡಿಕೆಯ ತಟ್ಟೆಯನ್ನು ಈಚೆಗೆ ಸರಿಸಿದ. ಉಳಿದ ಹತ್ತು ಮಾರಿಗೆ 2024ರ ಜನವರಿಯಲ್ಲಿ ಕಲ್ಲು ಬಿತ್ತು.

ಮಳೆಗಾಲದಲ್ಲಿ ಊರಿಗೆ ಹೊರಡುವ ವಾಚಕ ಬಾಂಧವರು ಒಂದು ಗುದ್ದಲಿ, ಒಂದು ಹಗ್ಗ ಜೊತೆಗಿಟ್ಟುಕೊಂಡರೆ ಕ್ಷೇಮ. ಊರಿನಿಂದ ಏನಾದರೂ ಕೇಳಿ ಬಂದಾಗ “ವಿಚಾರ ಮಾಡಿ ತಿಳಿಸುತ್ತೇವೆ” ಎನ್ನದಿದ್ದರೆ ಇನ್ನೂ ಕ್ಷೇಮ. ನಾವು ವರ್ಷಕ್ಕೊಮ್ಮೆ ನಡೆಯುವ ದಾರಿಯಲ್ಲಿ ನಮ್ಮವರು ದಿನವೂ ನಡೆಯುತ್ತಾರೆ.